ಹೊಗೆ ಕಣ್ ಮಗ, ಮೋಡ ಅಲ್ಲ

ನಾನು ಮಾಡಿದ ಮೋಡವನ್ನು ನಮ್ಮ ದೊಡ್ಡಪ್ಪ ಎರಡು ಸಲ ನೋಡಿದ್ದಾರೆ. ಮೊದಲ ಸಲ ‘ಬೋ ಚೆಂದಾಗದೆ’ ಅಂದರು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೈಸೂರಲ್ಲಿ ಆಪರೇಷನ್ ಆಗಿ ತಿಂಗಳಾದ ಮೇಲೆ, ಊರಿಗೆ ಹೋದಾಗ, ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಒಂಬತ್ತು ಸೆಕೆಂಡಿನ ಶಾಟ್ ಮತ್ತೆ ತೋರಿಸಿದೆ. ‘ಇನ್ನೊಂದ್ ಕಿತ ಹಾಕು’ ಅಂದರು. ಹಾಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಬೇಜಾರಾಗಬಾರದು ಅನ್ನುವ ದನಿಯಲ್ಲಿ, ‘ಹೊಗೆ ಕಣ್ ಮಗ ಇದು, ಮೋಡ ಅಲ್ಲ’ ಅಂದರು.

ನನ್ನ ಕೆಲಸ ಇದೇ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೂತು ಸಿನಿಮಾಗಳಿಗೆ ಮೋಡ, ಧೂಳು, ಬೆಂಕಿ, ಹೊಗೆ ಮಾಡಿಕೊಡುವುದು. ಆ ಶಾಟನ್ನು ನಮ್ಮ ಲೀಡ್ ನೋಡಿದ್ದರು, ಸೂಪರ್‌ವೈಸರ್ ನೋಡಿದ್ದರು, ಕ್ಲೈಂಟ್ ನೋಡಿ ಫೈನಲ್ ಅಂದಿದ್ದರು. ಇಷ್ಟು ಜನ ಪಾಸ್ ಮಾಡಿದ್ದನ್ನು ಚಿಕ್ಕಯ್ಯನಛತ್ರ ಹೋಬಳಿಯ ಒಬ್ಬ ಬೇಸಾಯಗಾರ ಫೇಲ್ ಮಾಡಿದರು. ಅವತ್ತು ನಕ್ಕು ಲ್ಯಾಪ್‌ಟಾಪ್ ಮುಚ್ಚಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತ್ರ ಆ ‘ಹೊಗೆ’ ಅನ್ನುವ ಪದ ಬಿಡಲಿಲ್ಲ. ಅವರು ‘ಚೆನ್ನಾಗಿಲ್ಲ’ ಅಂದಿರಲಿಲ್ಲ, ‘ಸುಳ್ಳು’ ಅಂದಿರಲಿಲ್ಲ. ಇದು ಬೇರೆ ವಸ್ತು ಅಂದಿದ್ದರು. ಹಾಗೆ ಹೇಳಬೇಕಾದರೆ ಅವರ ಕಣ್ಣಿಗೆ ಏನೋ ಒಂದು ಖಚಿತವಾಗಿ ಕಂಡಿರಬೇಕು.

ಅದೇನು ಅಂತ ಹುಡುಕಲು ಎರಡು ವಾರ ಹಿಡಿಯಿತು. ಹಾಗಾಗಿ ಈ ಬರಹ ಮೊದಲಿಗೆ ನನ್ನದೇ ಕೆಲಸದ ವಿಮರ್ಶೆ. ಜೊತೆಗೆ ಮೋಡವನ್ನು ನಾಲ್ಕು ಗೋಡೆಯ ಒಳಗೆ ತಂದ ಇನ್ನು ಕೆಲವರ ಕೆಲಸದ್ದೂ.

ಮೋಡ ಅಂದರೆ ಆವಿ ಅಂದುಕೊಂಡಿರುವವರು ನಮ್ಮಲ್ಲಿ ಬಹಳ ಜನ. ಆವಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ನೀರಿನ ಹನಿಗಳು, ಒಂದೊಂದೂ ಹೆಚ್ಚುಕಮ್ಮಿ 10ರಿಂದ 20 ಮೈಕ್ರಾನ್ ಅಗಲ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣವು, ಆದರೆ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಸಾಧಾರಣ ಮೋಡದ ಒಂದು ಘನ ಮೀಟರನ್ನು ಬಟ್ಟೆಯ ಹಾಗೆ ಹಿಂಡಿದರೆ ಅರ್ಧ ಗ್ರಾಮಿನಷ್ಟು ನೀರು ಸಿಕ್ಕರೆ ಹೆಚ್ಚು. ಇಷ್ಟು ತೆಳ್ಳಗಿರುವ ವಸ್ತುವಿನೊಳಗೆ ಬೆಳಕಿನ ಒಂದು ಕಿರಣ ಸರಾಸರಿ 20 ಮೀಟರ್ ಹೋಗುವಷ್ಟರಲ್ಲಿ ಒಂದು ಹನಿಗೆ ತಾಗುತ್ತದೆ. ತಾಗಿದ ಮೇಲೆ ದಿಕ್ಕು ಪೂರ್ತಿ ಬದಲಾಗುವುದಿಲ್ಲ, ಸ್ವಲ್ಪ ವಾಲುತ್ತದೆ, ಅಷ್ಟೆ. ಮುಂದೆ ಹೋಗುತ್ತಿದ್ದದ್ದು ಬಹುತೇಕ ಮುಂದಕ್ಕೇ ಹೋಗುತ್ತದೆ. ತಾನು ಎತ್ತ ಹೊರಟಿದ್ದೆ ಅನ್ನುವುದನ್ನೇ ಅದು ಮರೆಯಬೇಕಾದರೆ ಆರೇಳು ಹನಿಗಳಿಗಾದರೂ ತಾಗಬೇಕು. ಒಂದು ಕಿಲೋಮೀಟರ್ ದಪ್ಪದ ಮೋಡ ಅಂದರೆ ನೇರವಾಗಿ ಲೆಕ್ಕ ಹಾಕಿದರೇ ಇಂಥ 50 ಹೆಜ್ಜೆ. ದಿಕ್ಕು ತಪ್ಪಿ ಅಲೆಯುವುದನ್ನೂ ಸೇರಿಸಿದರೆ ನೂರಾರು ಸಲ ತಾಗಿ, ಕೊನೆಗೆ ಯಾವುದೋ ಒಂದು ಕಡೆಯಿಂದ ಆಚೆ ಬರುತ್ತದೆ.

ಆಚೆ ಬಂದೇ ಬರುತ್ತದೆ ಅನ್ನುವುದು ಮುಖ್ಯ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ನೀರು ಹೆಚ್ಚುಕಮ್ಮಿ ನುಂಗುವುದೇ ಇಲ್ಲ. ಒಂದು ಹನಿಗೆ ತಾಗಿದಾಗ ಆಗುವ ನಷ್ಟ ಲಕ್ಷಕ್ಕೆ ಒಂದು ಪಾಲೂ ಇಲ್ಲ. ಹೋದ ಬೆಳಕೆಲ್ಲ ವಾಪಸ್. ಮೋಡ ಬೆಳ್ಳಗಿರುವುದು ಅದಕ್ಕೆ. ಅದರ ಹೊಟ್ಟೆ ಕಪ್ಪಗೆ ಕಾಣುವುದೂ ಅದಕ್ಕೇ: ಮೇಲಿಂದ ಬಿದ್ದ ಬೆಳಕಿನಲ್ಲಿ ಬಹುಪಾಲು ಮೇಲಕ್ಕೇ ಹೊರಟುಹೋಗಿರುತ್ತದೆ, ಕೆಳಗೆ ಹೊಲದಲ್ಲಿ ನಿಂತವನ ಪಾಲಿಗೆ ಉಳಿದದ್ದು ಸ್ವಲ್ಪ. ಆಷಾಢದಲ್ಲಿ ದೊಡ್ಡಪ್ಪ ಕರಿಮೋಡ ಅಂತ ಕರೆಯುವುದನ್ನೇ ನೀವು ವಿಮಾನದ ಕಿಟಕಿಯಿಂದ ನೋಡಿದರೆ ಕಣ್ಣು ಕುಕ್ಕುವಷ್ಟು ಬಿಳಿ.

ಹೊಗೆಯ ಕಥೆ ಬೇರೆ. ಅದರಲ್ಲಿ ಮಸಿ ಇದೆ. ಮಸಿ ಬೆಳಕನ್ನು ನುಂಗುತ್ತದೆ.

ಈಗ ನನ್ನ ಶಾಟಿನ ಕಥೆ. ಕಂಪ್ಯೂಟರ್ ಮಾಡುವುದೂ ಇದನ್ನೇ: ಒಂದು ಕಿರಣ ಬಿಡು, ಹನಿಗೆ ತಾಗಿಸು, ವಾಲಿಸು, ಮತ್ತೆ ತಾಗಿಸು. ಆದರೆ ಪ್ರತಿ ತಾಗುವಿಕೆಗೂ ಸಮಯ ಬೇಕು, ಸಮಯಕ್ಕೆ ಕಾಸು ಬೇಕು. ಅದಕ್ಕೇ ಒಂದು ಮಿತಿ ಹಾಕುತ್ತೇವೆ. ನಮ್ಮ ಭಾಷೆಯಲ್ಲಿ ಅದಕ್ಕೆ ಬೌನ್ಸ್ ಲಿಮಿಟ್ ಅಂತ ಹೆಸರು. ಆ ಶಾಟಿಗೆ ನಾನು ಕೊಟ್ಟಿದ್ದು 16. ಹದಿನಾರು ಸಲ ತಾಗಿದರೂ ಆಚೆ ಬಾರದ ಕಿರಣವನ್ನು ಕಂಪ್ಯೂಟರ್ ಅಲ್ಲೇ ಬಿಟ್ಟುಬಿಡುತ್ತದೆ. ಬಿಟ್ಟುಬಿಡುತ್ತದೆ ಅಂದರೆ ಆ ಬೆಳಕು ಸತ್ತ ಲೆಕ್ಕ. ಮೋಡದ ಒಳಗೆ ಯಾರೋ ನುಂಗಿದ ಹಾಗೆಯೇ. ಗೊತ್ತಿಲ್ಲದೆ ನಾನು ಮೋಡದ ತುಂಬ ಮಸಿ ಬೆರೆಸಿದ್ದೆ. ದೊಡ್ಡಪ್ಪನಿಗೆ ಕಂಡಿದ್ದು ಆ ಮಸಿ.

ಇದು ಓದಿದ ಮೇಲೆ ತೆರೆಯ ಮೇಲಿನ ಮೋಡಗಳನ್ನು ಸ್ವಲ್ಪ ಗಮನಿಸಿ ನೋಡಿ. ಯುದ್ಧದ ಸೀನಿನ ಆಕಾಶ, ದೇವಲೋಕದ ಬಾಗಿಲು, ಟೈಟಲ್ ಕಾರ್ಡಿನ ಹಿಂದೆ ತೇಲುವುದು. ಎಷ್ಟೋ ಕಡೆ ಮಡಿಕೆಗಳ ಒಳಗೆ ಬೂದಿ ಬಣ್ಣ ಕೂತಿರುತ್ತದೆ, ಕೊಳೆಯಾದ ಹತ್ತಿಯ ಹಾಗೆ. ನಿಜವಾದ ಮೋಡದ ಮಡಿಕೆಯೊಳಗೆ ನೆರಳಿಗೂ ಒಂದು ಬೆಳಕಿರುತ್ತದೆ, ಪಕ್ಕದ ಮಡಿಕೆಯಿಂದ ಸೋರಿ ಬಂದದ್ದು. ನಾವು ಅದನ್ನು ಕೊಂದು, ಆಮೇಲೆ ‘ಮೂಡಿ ಲುಕ್’ ಅಂತ ಹೆಸರಿಟ್ಟು ಮಾರುತ್ತೇವೆ.

ಹಾಗಾದರೆ ಇದನ್ನು ಸರಿಯಾಗಿ ಮಾಡಿದವರು ಯಾರು? ದೊಡ್ಡ ಕಂಪ್ಯೂಟರ್ ಇರುವವರು ಅಂತ ಉತ್ತರ ಕೊಡುವುದು ಸುಲಭ. ನನಗೆ ಹೆಚ್ಚು ಕಲಿಸಿದ್ದು ಒಂದು ಲೋಟ ನೀರು, ಒಂದು ಚಮಚ ಹಾಲು.

ಮನೆಯಲ್ಲಿ ಮಾಡಿ ನೋಡಬಹುದು. ಕತ್ತಲೆ ಕೋಣೆ, ಗಾಜಿನ ಲೋಟದ ತುಂಬ ನೀರು, ಪಕ್ಕದಿಂದ ಮೊಬೈಲ್ ಟಾರ್ಚ್. ಒಂದೆರಡು ತೊಟ್ಟು ಹಾಲು ಬಿಟ್ಟರೆ ಲೋಟ ಪಕ್ಕದಿಂದ ತಿಳಿನೀಲಿಯಾಗಿ ಕಾಣುತ್ತದೆ, ಎದುರಿನಿಂದ ನೋಡಿದರೆ ಟಾರ್ಚ್ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ನೀಲಿ ಆಕಾಶ ಮತ್ತು ಸಂಜೆ ಸೂರ್ಯ. ಎಲ್ಲ ಸೈನ್ಸ್ ವಿಡಿಯೋಗಳೂ ಇಲ್ಲಿಗೆ ನಿಲ್ಲುತ್ತವೆ, ಲೈಕ್ ಮಾಡಿ ಶೇರ್ ಮಾಡಿ ಅನ್ನುತ್ತವೆ. ನೀವು ನಿಲ್ಲಿಸಬೇಡಿ. ಇನ್ನೂ ಹಾಲು ಹಾಕುತ್ತಾ ಹೋಗಿ. ನೀಲಿಯೂ ಹೋಗುತ್ತದೆ, ಕಿತ್ತಳೆಯೂ ಹೋಗುತ್ತದೆ, ಲೋಟ ಪೂರ್ತಿ ಬೆಳ್ಳಗಾಗುತ್ತದೆ. ಆಕಾಶವಾಗಿದ್ದದ್ದು ನಿಮ್ಮ ಕಣ್ಣೆದುರೇ ಮೋಡವಾಯಿತು.

ಇಲ್ಲಿ ಪಠ್ಯಪುಸ್ತಕಗಳ ಮೇಲೆ ನನಗೊಂದು ತಕರಾರಿದೆ. ಮೋಡ ಯಾಕೆ ಬಿಳಿ ಅಂದರೆ ಅವು ಕೊಡುವ ಉತ್ತರ ಒಂದೇ: ಕಣ ದೊಡ್ಡದು, ಆದ್ದರಿಂದ ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತದೆ. ತಪ್ಪಲ್ಲ, ಅರ್ಧ. ಕೆನೆ ತೆಗೆದ ಹಾಲಿನಲ್ಲಿ ಉಳಿಯುವುದು ಬಹುಪಾಲು ಕೇಸಿನ್ ಅನ್ನುವ ಪ್ರೋಟೀನಿನ ತೀರಾ ಸಣ್ಣ ಉಂಡೆಗಳು, ಬೆಳಕಿನ ಅಲೆಗಿಂತಲೂ ಸಣ್ಣವು. ಅವು ನೀಲಿಯನ್ನೇ ಹೆಚ್ಚು ಚದುರಿಸುತ್ತವೆ. ಆದರೂ ಲೋಟದ ತುಂಬ ಆ ಹಾಲು ಇಟ್ಟರೆ ಹೆಚ್ಚುಕಮ್ಮಿ ಬಿಳಿಯೇ, ಅಂಚಿನಲ್ಲಿ ಮಾತ್ರ ಚೂರು ನೀಲಿ. ಯಾಕೆ? ನುಂಗುವವರು ಯಾರೂ ಇಲ್ಲ, ತಾಗುವುದು ಸಾವಿರಾರು ಸಲ. ಬಣ್ಣ ಯಾವುದಾದರೂ ಇವತ್ತಲ್ಲ ನಾಳೆ ಆಚೆ ಬಂದೇ ಬರುತ್ತದೆ. ಬಿಳಿಗೆ ಎರಡು ದಾರಿ ಇವೆ, ಕಣದ ಗಾತ್ರ ಒಂದು, ತಾಗುವಿಕೆಯ ಎಣಿಕೆ ಇನ್ನೊಂದು. ಪುಸ್ತಕ ಎರಡನೆಯದನ್ನು ಹೇಳುವುದಿಲ್ಲ. ನನ್ನ 16ರ ಮಿತಿಯೂ ಎರಡನೆಯದನ್ನೇ ಕೊಂದಿದ್ದು. ಹತ್ತನೇ ಕ್ಲಾಸಿನಲ್ಲಿ ಕಲಿತಿದ್ದರೆ ಅಂತ ಪೂರ್ತಿ ಅವರ ಮೇಲೆ ಹಾಕುತ್ತಿಲ್ಲ, ಆದರೂ.

ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಒಳ್ಳೆಯ ಪ್ರಯೋಗ ಇತ್ತು. ಎರಡು ಲೀಟರ್ ನೀರಿಗೆ ಹೈಪೋ ಅಂತ ಕರೆಯುವ ಸೋಡಿಯಂ ಥಯೋಸಲ್ಫೇಟ್ ಕರಗಿಸಿ, ಒಂದೆರಡು ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲ ಬಿಡುವುದು. ಎರಡು ಮೂರು ನಿಮಿಷದಲ್ಲಿ ಗಂಧಕದ ಸಣ್ಣ ಕಣಗಳು ಮೂಡುತ್ತವೆ. ಪಕ್ಕದಿಂದ ನೀಲಿ, ಪರದೆಯ ಮೇಲೆ ಮೊದಲು ಕಿತ್ತಳೆಗೆಂಪು, ಆಮೇಲೆ ಗಾಢ ಕೆಂಪು. ಪ್ರಯೋಗ ಮುಗಿಯಿತು. ಆದರೆ ಲೋಟದಲ್ಲಿ ಅದು ಮುಗಿದಿರುವುದಿಲ್ಲ, ಗಂಧಕದ ಕಣಗಳು ಬೆಳೆಯುತ್ತಲೇ ಇರುತ್ತವೆ. ಪುಸ್ತಕ ಬೆನ್ನು ತಿರುಗಿಸಿದ ಮೇಲೂ ಅದನ್ನು ನೋಡುತ್ತಾ ಕೂತವರು ಸಿ. ವಿ. ರಾಮನ್. 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಬಿ. ರೇ ಅವರ ಜೊತೆ ಇದೇ ಗಂಧಕದ ನೀರಿನ ಬಗ್ಗೆ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಕೆಂಪಾದ ಬೆಳಕು ಕುಂದುತ್ತಾ ಬಂದು ಬಹುತೇಕ ಮಾಯವಾಗುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಮರಳುತ್ತದೆ, ಈ ಸಲ ನೀಲಿಯ ಕಡೆಯಿಂದ. ಆಮೇಲೆ ಹಸಿರು ಹಳದಿ ದಾಟಿ ಕೊನೆಗೆ ಬಿಳಿ. ಕಣ ಬೆಳಕಿನ ಅಲೆಗಿಂತ ಸಣ್ಣದಿದ್ದದ್ದು ದೊಡ್ಡದಾಗುವ ದಾರಿ ಅದು. ಆಕಾಶಕ್ಕೂ ಮೋಡಕ್ಕೂ ನಡುವಿನ ಹಾದಿ ಒಂದೇ ಗಾಜಿನ ಪಾತ್ರೆಯೊಳಗೆ.

ದೊಡ್ಡಪ್ಪನ ಬೀಡಿಯಲ್ಲೂ ಇದೇ ಹಾದಿ ಇದೆ. ಉರಿಯುವ ತುದಿಯಿಂದ ಏಳುವ ಹೊಗೆ ನೀಲಿ. ಅವರು ಬಾಯಿಂದ ಬಿಡುವುದು ಬಿಳಿ, ಒಳಗಿನ ತೇವ ಕೂಡಿಕೊಂಡು ಕಣ ದಪ್ಪ ಆಗಿರುತ್ತದೆ. (ಡಾಕ್ಟರು ಬಿಡಿ ಅಂದಿದ್ದಾರೆ. ಅವರು ಬಿಟ್ಟಿಲ್ಲ.)

ಲೋಟದಲ್ಲಿ ಮೋಡ ಹಿಡಿಸುವುದು ಸಾಧ್ಯ ಆಗುವುದು ಹೇಗೆ ಅನ್ನುವುದನ್ನೂ ಹೇಳಬೇಕು. ಮೋಡ ಕಿಲೋಮೀಟರ್ ದಪ್ಪ, ಲೋಟ ಏಳು ಸೆಂಟಿಮೀಟರ್. ಆದರೆ ಬೆಳಕಿಗೆ ಉದ್ದದ ಲೆಕ್ಕ ಬೇಕಿಲ್ಲ, ಎಷ್ಟು ಸಲ ತಾಗಿದೆ ಅನ್ನುವ ಲೆಕ್ಕ ಸಾಕು. ಮೋಡದಲ್ಲಿ 20 ಮೀಟರಿಗೊಮ್ಮೆ, ಲೋಟದಲ್ಲಿ ಒಂದೂವರೆ ಮಿಲಿಮೀಟರಿಗೊಮ್ಮೆ. 50 ಹೆಜ್ಜೆ ಅಲ್ಲೂ 50, ಇಲ್ಲೂ 50. ನೋಡಲು ಮೋಡದ ಥರ ಒಂಚೂರೂ ಇಲ್ಲದ ಲೋಟ, ಬೆಳಕಿನ ಮಟ್ಟಿಗೆ ನನ್ನ ಶಾಟಿಗಿಂತ ನಿಜವಾದ ಮೋಡ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂಥ ಕಡೆ ಬೆಳಕಿನ ಚದುರುವಿಕೆಯ ಪ್ರಯೋಗಗಳು ಈ ತರ್ಕದ ಮೇಲೇ ನಿಂತಿವೆ. ಹಾಲಿನ ಬದಲು ಒಂದೇ ಅಳತೆಯ ಪಾಲಿಸ್ಟೈರಿನ್ ಗುಂಡುಗಳನ್ನು ನೀರಲ್ಲಿ ತೇಲಿಸಿದರೆ ಗಾತ್ರವೂ ಕೈಯಲ್ಲಿ, ಎಣಿಕೆಯೂ ಕೈಯಲ್ಲಿ.

ಬಿಟ್ಟಿದ್ದೇನು ಅನ್ನುವುದನ್ನು ಮಾತ್ರ ಗೊತ್ತಿದ್ದು ಬಿಡಬೇಕು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಒಂದು ನೀರಿನ ತೊಟ್ಟಿಯಲ್ಲಿ ಮೋಡ ಮಾಡಿದರು, 2011ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಒಂದು ಹನಿಯೂ ಇಲ್ಲ! ಆವಿ ಹನಿಯಾಗುವಾಗ ಬಿಡುವ ಬಿಸಿಯೇ ಮೋಡವನ್ನು ಮೇಲಕ್ಕೆ ಎತ್ತುವುದಲ್ಲವೇ, ಆ ಬಿಸಿಯನ್ನು ವಿದ್ಯುತ್ತಿನಿಂದ ಕೊಟ್ಟರು. ತೊಟ್ಟಿಯ ನೀರು ಹೂಕೋಸಿನ ಹಾಗೆ ಉಬ್ಬಿ ಎದ್ದಿತು. ಹಾಲಿನ ಲೋಟದಲ್ಲಿ ಬೆಳಕು ಇದೆ, ಚಲನೆ ಇಲ್ಲ. ಈ ತೊಟ್ಟಿಯಲ್ಲಿ ಚಲನೆ ಇದೆ, ಬೆಳಕು ಇಲ್ಲ. ಎರಡೂ ತಾನು ಏನನ್ನು ತೋರಿಸುತ್ತಿಲ್ಲ ಅಂತ ಬಾಯಿಬಿಟ್ಟು ಹೇಳುತ್ತವೆ. ನನ್ನ ಶಾಟಿನಲ್ಲಿ ಎರಡೂ ಇರುವ ಹಾಗೆ ಕಾಣುತ್ತದೆ. ಏನು ಬಿಟ್ಟಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಇನ್ನೊಂದು ಬಿಟ್ಟದ್ದೂ ಹುಡುಕುವಾಗ ಸಿಕ್ಕಿತು. ಹನಿಗೆ ತಾಗಿದ ಕಿರಣ ಎಷ್ಟು ವಾಲಬೇಕು ಅನ್ನುವುದಕ್ಕೆ ನಮ್ಮ ಸಾಫ್ಟ್‌ವೇರುಗಳಲ್ಲಿ ಸಾಮಾನ್ಯವಾಗಿ ಇರುವುದು ಹೆನ್ಯೀ ಮತ್ತು ಗ್ರೀನ್‌ಸ್ಟೈನ್ ಅನ್ನುವ ಇಬ್ಬರ ಸೂತ್ರ. 1941ರದ್ದು. ಆ ಇಬ್ಬರೂ ಖಗೋಳದವರು. ಸೂತ್ರ ಬರೆದದ್ದು ನಕ್ಷತ್ರಗಳ ನಡುವಿನ ಧೂಳಿಗೆ. ಒಂದೇ ಒಂದು ನಾಬ್ ತಿರುಗಿಸಿದರೆ ಸಾಕು, ನಮ್ಮಂಥವರಿಗೆ ಹಬ್ಬ. ಆದರೆ ನಯವಾದ ಆ ಸೂತ್ರದಲ್ಲಿ ನೀರಿನ ಹನಿಗೇ ವಿಶೇಷವಾದ ಕೆಲವು ಇಲ್ಲ. ಬೆಂಗಳೂರು–ದೆಹಲಿ ಫ್ಲೈಟಿನಲ್ಲಿ ಸೂರ್ಯನಿಗೆ ಬೆನ್ನಾಗಿ ಕಿಟಕಿ ಸೀಟು ಸಿಕ್ಕರೆ ಕೆಳಗಿನ ಮೋಡದ ಮೇಲೆ ವಿಮಾನದ ನೆರಳು, ನೆರಳಿನ ಸುತ್ತ ಬಣ್ಣದ ಬಳೆ ಕಂಡಿರುತ್ತೀರಿ. ಅದು ಇಲ್ಲ. ತೆಳು ಮೋಡ ಅಡ್ಡ ಬಂದಾಗ ಚಂದ್ರನಿಗೆ ಅಂಟಿಕೊಂಡ ಹಾಗೆ ಮೂಡುವ ಬಣ್ಣದ ಉಂಗುರವೂ ಇಲ್ಲ. ನಮ್ಮೂರಲ್ಲಿ ಚಂದ್ರನ ಸುತ್ತ ಗುಡಿ ಕಟ್ಟಿದೆ ಅಂತ ಮಳೆಯ ಮಾತು ತೆಗೆಯುತ್ತಾರಲ್ಲ, ಅದರಲ್ಲಿ ದೂರದ ದೊಡ್ಡ ಬಳೆ ಮಂಜುಗಡ್ಡೆಯ ಹರಳಿನದು, ಹತ್ತಿರದ ಚಿಕ್ಕದು ನೀರಿನ ಹನಿಯದು. ನನ್ನ ಮೋಡದ ಹಿಂದೆ ಚಂದ್ರನನ್ನು ಇಟ್ಟರೆ ಯಾವ ಗುಡಿಯೂ ಕಟ್ಟುವುದಿಲ್ಲ.

ತಮಾಷೆ ಏನೆಂದರೆ ಪ್ರಯೋಗಾಲಯದಲ್ಲಿ ಮೋಡ ಮಾಡುವ ಹುಚ್ಚಿನ ಒಂದು ದೊಡ್ಡ ಕಥೆ ಶುರುವಾಗಿದ್ದೇ ಆ ಬಳೆಗಳಿಂದ. 1894ರ ಸೆಪ್ಟೆಂಬರಿನಲ್ಲಿ ಸಿ. ಟಿ. ಆರ್. ವಿಲ್ಸನ್ ಅನ್ನುವ ಯುವಕ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಎರಡು ವಾರ ಇದ್ದ. ಮೋಡದ ಮೇಲೆ ಬಿದ್ದ ಬಿಸಿಲು ಮೂಡಿಸುವ ಬಣ್ಣದ ಬಳೆಗಳನ್ನು ನೋಡಿ ಮರುಳಾಗಿ, ಕೇಂಬ್ರಿಜ್‌ಗೆ ಬಂದು ಗಾಜಿನ ಪಾತ್ರೆಯಲ್ಲಿ ಅದನ್ನೇ ಮಾಡಲು ಹೊರಟ. ತೇವದ ಗಾಳಿಯನ್ನು ಫಕ್ಕನೆ ಹಿಗ್ಗಿಸಿದರೆ ತಣ್ಣಗಾಗಿ ಮೋಡ ಕಟ್ಟುತ್ತದೆ. ಧೂಳೇ ಇಲ್ಲದ ಗಾಳಿಯಲ್ಲೂ, ಸಾಕಷ್ಟು ಹಿಗ್ಗಿಸಿದರೆ, ಹನಿ ಕಟ್ಟುವುದನ್ನು ಗಮನಿಸಿದ. ಬಳೆ ಬಿಟ್ಟು ಅದರ ಬೆನ್ನು ಹತ್ತಿದ. 1911ರ ಹೊತ್ತಿಗೆ ಅದೇ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ಕಣಗಳು ಓಡಿದ ದಾರಿ ಹನಿಗಳ ಗೆರೆಯಾಗಿ ಮೂಡಿತು. 1927ರಲ್ಲಿ ನೊಬೆಲ್. ಮಾದರಿ ಮೂಲದ ಹಾಗೆ ನಡೆದುಕೊಳ್ಳದ ಜಾಗದಲ್ಲೇ ಅವನಿಗೆ ಹೊಸದು ಸಿಕ್ಕಿದ್ದು. ನಮ್ಮ ಸ್ಟುಡಿಯೋದಲ್ಲಿ ಹಾಗಾದರೆ ಅದನ್ನು ಬಗ್ ಅಂತ ಲಾಗ್ ಮಾಡಿ ಸಂಜೆಯೊಳಗೆ ಮುಚ್ಚುತ್ತಿದ್ದೆವು.

ಇಷ್ಟೆಲ್ಲ ಒಂದು ಸಿನಿಮಾ ಶಾಟಿಗೆ ಯಾಕೆ ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಒಂದು ಜನವರಿ ಬೆಳಗ್ಗೆ ಮೈಸೂರಿನಿಂದ ನಂಜನಗೂಡು ರಸ್ತೆಯಲ್ಲಿ ಕಾರಲ್ಲಿ ಹೋಗುತ್ತಿದ್ದೆ. ಮಂಡಕಳ್ಳಿ ಏರ್‌ಪೋರ್ಟ್ ದಾಟಿದ ಮೇಲೆ ಮಂಜು ಗೋಡೆಯ ಹಾಗೆ ನಿಂತಿತ್ತು. ಮಂಜು ಅಂದರೆ ನೆಲಕ್ಕಿಳಿದ ಮೋಡ, ಅದೇ ಹನಿ, ಅದೇ ಲೆಕ್ಕ. ಎಲ್ಲರ ಹಾಗೆ ನಾನೂ ಹೈ ಬೀಮ್ ಹಾಕಿದೆ. ಗೋಡೆ ಇನ್ನೂ ಬೆಳ್ಳಗಾಯಿತು: ನನ್ನ ದೀಪವೇ ಹನಿಗಳಿಗೆ ತಾಗಿ ನನ್ನ ಕಣ್ಣಿಗೇ ವಾಪಸ್. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಇದೆ ಅನ್ನುವುದು ಗೊತ್ತಾದಾಗ ಇದ್ದ ದೂರವನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮುಂಜಾನೆ ಆ ರಸ್ತೆಯಲ್ಲಿ ಬೈಕಿನಲ್ಲಿ ಫ್ಯಾಕ್ಟರಿ ಶಿಫ್ಟಿಗೆ ಹೋಗುವವರು ಬಹಳ ಜನ.

ರಾಮನ್ ಸಂಸ್ಥೆಯ ಹೇಮಾ ರಾಮಚಂದ್ರನ್ ಮತ್ತು ಸಂಗಡಿಗರ ಕೆಲಸ ಅಲ್ಲಿ ನೆನಪಾಗಿದ್ದು ಸಹಜ. ಅವರು ಲೋಟಕ್ಕೆ ನಿಲ್ಲಲಿಲ್ಲ. ಗ್ರೇಟರ್ ನೋಯ್ಡಾದಲ್ಲಿ, ಚಳಿಗಾಲದ ನಿಜವಾದ ಮಂಜಿನಲ್ಲಿ, ಕೆಂಪು ಎಲ್‌ಇಡಿ ದೀಪಗಳನ್ನು ಗೊತ್ತಿರುವ ಒಂದು ತಾಳಕ್ಕೆ ಏರಿಳಿಸಿ ದೂರದಿಂದ ಕ್ಯಾಮೆರಾದಲ್ಲಿ ಹಿಡಿದರು; 2023ರಲ್ಲಿ ಸುದ್ದಿಯಾಯಿತು. ಮಂಜಿನಲ್ಲಿ ಚದುರಿ ಬರುವ ಬಿಸಿಲು ಆ ತಾಳಕ್ಕೆ ಕುಣಿಯುವುದಿಲ್ಲ. ಕುಣಿಯದ್ದನ್ನೆಲ್ಲ ಕಂಪ್ಯೂಟರ್ ಕಳೆದರೆ ದೀಪ ಉಳಿಯುತ್ತದೆ. ಬೇಕಾದ ಸಾಮಾನು ಒಂದಷ್ಟು ಎಲ್‌ಇಡಿ, ಒಂದು ಕ್ಯಾಮೆರಾ, ಒಂದು ಸಾಧಾರಣ ಕಂಪ್ಯೂಟರ್. ರನ್‌ವೇಗೆ, ರೈಲಿಗೆ, ಹಡಗಿಗೆ ಆಗಬಹುದಾದ ಕೆಲಸ. ಮಂಜನ್ನು ಚೆಂದ ಮಾಡುವುದಕ್ಕಿಂತ ಹನಿ ಏನು ಮಾಡುತ್ತದೆ ಅಂತ ಸರಿಯಾಗಿ ಲೆಕ್ಕ ಇಡುವುದು ಮುಖ್ಯವಾದ ಜಾಗ ಅದು. ನನ್ನ 16ರ ಮೋಡವನ್ನು ಯಾರಾದರೂ ಡ್ರೈವಿಂಗ್ ಸಾಫ್ಟ್‌ವೇರಿನ ಟೆಸ್ಟಿಂಗಿಗೆ ಬಳಸಿದರೆ ಅಂತ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಂಥ ಸ್ಟುಡಿಯೋಗಳಿಗೆ ಆ ಥರದ ಕೆಲಸವೂ ಈಗ ಬರುತ್ತಿದೆ.

ಕಣ್ಣಿನ ಪೊರೆ ಅಂದರೂ ಇದೇ ಅನ್ನುವುದು ಆಪರೇಷನ್ ಮಾಡಿದ ಡಾಕ್ಟರಿಂದ ತಿಳಿಯಿತು. ಮಸೂರದೊಳಗಿನ ಪ್ರೋಟೀನ್ ಉಂಡೆಗಟ್ಟಿ ಬೆಳಕನ್ನು ಚದುರಿಸುತ್ತದೆ, ಹಾಲಿನ ಲೋಟದ ಹಾಗೆ. ಪೊರೆಯ ಮೂಲಕ ನೋಡಿದಾಗ ನನ್ನ ಮೋಡ ಚೆನ್ನಾಗಿ ಕಂಡಿತ್ತು, ಯಾಕೆಂದರೆ ನಾನು ಹಾಕದ ಬೌನ್ಸುಗಳನ್ನು ಅವರ ಕಣ್ಣೇ ಹಾಕಿಕೊಂಡಿತ್ತು.

ರಜೆ ದಿನ ಸ್ಟುಡಿಯೋಗೆ ಹೋಗಿ ಒಂದೇ ಒಂದು ಫ್ರೇಮನ್ನು 1000 ಬೌನ್ಸಿಗೆ ಹಾಕಿದೆ. ಮುಂಚೆ 40 ನಿಮಿಷ ಹಿಡಿದದ್ದು ಆರು ಗಂಟೆ ಹಿಡಿಯಿತು. ಇಡೀ ಶಾಟಿಗೆ 216 ಫ್ರೇಮ್, ಅಂದರೆ 1296 ಗಂಟೆ. ಯಾವ ಪ್ರೊಡ್ಯೂಸರೂ ಒಪ್ಪುವುದಿಲ್ಲ, ನಾನೇ ಪ್ರೊಡ್ಯೂಸರ್ ಆಗಿದ್ದರೂ ಒಪ್ಪುತ್ತಿರಲಿಲ್ಲ. ಸಿನಿಮಾ ಹಳೆಯ ಶಾಟಿನಲ್ಲೇ ಬಿಡುಗಡೆಯಾಯಿತು. ಯಾವ ರಿವ್ಯೂನಲ್ಲೂ ಮೋಡದ ಮಾತಿಲ್ಲ.

ಆ ಒಂದು ಫ್ರೇಮನ್ನು ತಂಗಿಯ ಫೋನಿಗೆ ಕಳಿಸಿ, ದೊಡ್ಡಪ್ಪನಿಗೆ ತೋರಿಸು ಅಂದೆ. ಸಂಜೆ ಅವರದೇ ದನಿಯಲ್ಲಿ ವಾಯ್ಸ್ ಮೆಸೇಜ್ ಬಂತು. ‘ಈಗ ಮೋಡ ಆಯ್ತು ನೋಡ್ ಮಗ. ಆದ್ರೆ ಮಳೆ ಬರಕಿಲ್ಲ ಇದ್ರಲ್ಲಿ. ತಳ ನೋಡು, ಕುಯ್ದಂಗದೆ. ಮಳೆ ಮೋಡುದ್ ತಳ ಕರಗಿರ್ತದೆ.’

ಮಳೆಹನಿ ಮೋಡದ ಹನಿಗಿಂತ ನೂರು ಪಟ್ಟು ಅಗಲ. ಅಷ್ಟೇ ನೀರು ದೊಡ್ಡ ಹನಿಯಾಗಿ ಒಟ್ಟುಗೂಡಿದರೆ ಬೆಳಕಿಗೆ ಅಡ್ಡ ಬರುವುದು ನೂರನೇ ಒಂದು ಪಾಲಿಗೆ ಇಳಿಯುತ್ತದೆ. ತಳ ಕರಗಿದ ಹಾಗೆ ಕಾಣುವುದು ಅದಕ್ಕೆ. ನನ್ನ ಮೋಡದಲ್ಲಿ ಹನಿಗಳೆಲ್ಲ ಒಂದೇ ಗಾತ್ರ. ಈ ವಾರ ಅದರ ಮೇಲೆ ಕೂತಿದ್ದೇನೆ.